ಪ್ರಸನ್ನತೆ: ತಪಸ್ಸೋ, ಫಲವೋ?

ಸತ್ಯವನ್ನು ನುಡಿಯಬೇಕು, ಹಿಂಸೆಯನ್ನು ತೊರೆಯಬೇಕು, ಇದ್ದುದರಲ್ಲಿ ಇಲ್ಲದವರಿಗೆ ಪಾಲು ಕೊಡಬೇಕು ಎಂದು ಧರ್ಮವು ವಿಧಿಸಿದಾಗ ಯಾರೂ ಆಶ್ಚರ್ಯಪಡುವುದಿಲ್ಲ. ಇವೆಲ್ಲ ಮನುಷ್ಯನ ಕೈಗೆಟಕುವ ಕಾರ್ಯಗಳು, ಎಷ್ಟೇ ಕಠಿನವಾಗಿದ್ದರೂ ಸಂಕಲ್ಪಮಾತ್ರದಿಂದ ಆರಂಭಿಸಬಹುದಾದ ಕಾರ್ಯಗಳು. ಆದರೆ ಗೆಲವಾಗಿರು, ಪ್ರಸನ್ನಚಿತ್ತನಾಗಿರು, ಮೋರೆಯನ್ನು ಬಾಡಿಸಬೇಡ ಎಂದು ಅದೇ ಧರ್ಮವು ವಿಧಿಸಿತೆಂದರೆ, ಕೇಳಿದವನು ತಡೆದು ನಿಲ್ಲದಿರಲಾರ. ಮಳೆ ಕೈಕೊಟ್ಟ ವರ್ಷದ ರೈತನಿಗೆ, ಕೂಸನ್ನು ಮಣ್ಣಿಗೊಪ್ಪಿಸಿ ಬಂದ ತಾಯಿಗೆ, ದುಡಿದು ಬಸವಳಿದು ಮನೆಗೆ ಮರಳುವ ಕೂಲಿಯವನಿಗೆ ಪ್ರಸನ್ನತೆಯನ್ನು ಆಜ್ಞಾಪಿಸುವ ಅಧಿಕಾರ ಯಾವ ಶಾಸ್ತ್ರಕ್ಕಿದೆ? ಆಜ್ಞೆಗೆ ಅಂಜಿ ತುಟಿಯ ಮೇಲೆ ತಂದುಕೊಂಡ ನಗೆಯು ಮುಖವಾಡವಾದೀತೇ ಹೊರತು ಗುಣವಾಗಲಾರದು. ಆಜ್ಞಾಪಿಸುವಂತಿಲ್ಲವೆನ್ನೋಣವೆಂದರೆ, ಅದು ಹುಟ್ಟಿನೊಡನೆ ಬಂದ ಸ್ವಭಾವವೋ ಅದೃಷ್ಟದ ಕೊಡುಗೆಯೋ ಆಗಿ ಧರ್ಮವಿಚಾರದ ಕಕ್ಷೆಯಿಂದಲೇ ಹೊರಗುಳಿದುಬಿಡುತ್ತದೆ. ಈ ಎರಡು ಕವಲುಗಳ ನಡುವೆ ನಿಂತಿರುವ ಪ್ರಶ್ನೆಯನ್ನು ಹೀಗೆ ಕೇಳಬಹುದು: ಮನಸ್ಸಿನ ಪ್ರಸನ್ನತೆಯು ಸಾಧಕನು ಕೈಕೊಳ್ಳಬೇಕಾದ ತಪಸ್ಸೋ, ತಪಸ್ಸು ಪಕ್ವವಾದ ಮೇಲೆ ತಾನಾಗಿ ಒದಗುವ ಫಲವೋ?

ನಮ್ಮ ಶಾಸ್ತ್ರಗ್ರಂಥಗಳು ಈ ಪ್ರಶ್ನೆಯನ್ನು ಎದುರಿಸದೆ ಬಿಟ್ಟಿಲ್ಲ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ, ರಾಗದ್ವೇಷಗಳ ಕಟ್ಟು ಕಳಚಿದ ಇಂದ್ರಿಯಗಳೊಡನೆ ವಿಷಯಗಳ ನಡುವೆ ಸಂಚರಿಸುವ ಆತ್ಮವಂತನಿಗೆ ಪ್ರಸಾದವು, ಎಂದರೆ ಮನಸ್ಸಿನ ಪ್ರಸನ್ನತೆಯು, ದೊರೆಯುತ್ತದೆಂದೂ, ಅದು ದೊರೆತಾಗ ಸಮಸ್ತ ದುಃಖಗಳೂ ಅಳಿಯುತ್ತವೆಂದೂ ಹೇಳಿದೆ. ಅಲ್ಲಿ ಪ್ರಸನ್ನತೆಯು ಫಲ. ಹದಿನೇಳನೆಯ ಅಧ್ಯಾಯದಲ್ಲಾದರೋ, ಕಾಯಿಕ ವಾಚಿಕ ತಪಸ್ಸುಗಳನ್ನು ವಿವರಿಸಿ ಮಾನಸ ತಪಸ್ಸಿಗೆ ಬಂದಾಗ, ಪಟ್ಟಿಯ ಮೊದಲಲ್ಲಿಯೇ ಮನಃಪ್ರಸಾದವನ್ನು ಇರಿಸಿ, ಮೌನ ಆತ್ಮನಿಗ್ರಹಗಳನ್ನು ಅದರ ಅನಂತರ ಹೇಳಿದೆ. ಅಲ್ಲಿ ಪ್ರಸನ್ನತೆಯು ತಪಸ್ಸು. ಶಂಕರಾಚಾರ್ಯರು ಅದನ್ನು ಮನಸ್ಸಿನ ಪ್ರಶಾಂತಿಯೆಂದೂ, ಮನಸ್ಸನ್ನು ಸ್ವಚ್ಛಗೊಳಿಸಿಕೊಳ್ಳುವುದೆಂದೂ ವ್ಯಾಖ್ಯಾನಿಸುತ್ತಾರೆ. ಇವೆರಡರ ನಡುವೆ ಹನ್ನೆರಡನೆಯ ಅಧ್ಯಾಯವು, ಭಗವಂತನಿಗೆ ಪ್ರಿಯನಾದ ಭಕ್ತನು ಅಮರ್ಷ ಭಯ ಉದ್ವೇಗಗಳಿಂದ ಮಾತ್ರವಲ್ಲ, ಹರ್ಷದಿಂದಲೂ ಮುಕ್ತನಾದವನೆಂದು ಸಾರುತ್ತದೆ. ಹರ್ಷವನ್ನು ಬಿಡಬೇಕು, ಪ್ರಸಾದವನ್ನು ಸಾಧಿಸಬೇಕು. ಬಯಸಿದ್ದು ಕೈಗೂಡಿದಾಗ ಉಕ್ಕಿ ಕೈತಪ್ಪಿದಾಗ ಇಳಿಯುವ ಉಬ್ಬರ ಬೇರೆ, ಲಾಭಾಲಾಭಗಳ ಕೆಳಗೆ ಕದಲದೆ ನಿಂತಿರುವ ತಿಳಿವು ಬೇರೆ. ತೈತ್ತಿರೀಯ ಉಪನಿಷತ್ತಿನ ಆನಂದಮೀಮಾಂಸೆಯೂ ಈ ದಿಕ್ಕಿನಲ್ಲಿಯೇ ನಡೆಯುತ್ತದೆ: ದೃಢಕಾಯನೂ ವಿದ್ಯಾವಂತನೂ ಆದ ಯುವಕನೊಬ್ಬನಿಗೆ ಸಂಪತ್ತು ತುಂಬಿದ ಭೂಮಂಡಲವೆಲ್ಲ ವಶವಾದರೆ ಆಗುವ ಸುಖವನ್ನು ಒಂದು ಮಾನವಾನಂದವೆಂದು ಅಳತೆಗೆ ಹಿಡಿದು, ಅದರಿಂದ ನೂರು ನೂರು ಮಡಿಯಾಗಿ ಬೆಳೆಯುವ ಮೆಟ್ಟಿಲುಗಳನ್ನು ಎಣಿಸುತ್ತ, ಕಾಮದಿಂದ ಹತನಾಗದ ಶ್ರೋತ್ರಿಯನಿಗೆ ಆ ಒಂದೊಂದೂ ಇಲ್ಲಿಯೇ ಲಭ್ಯವೆಂದು ಪ್ರತಿ ಮೆಟ್ಟಿಲಲ್ಲಿಯೂ ಹೇಳುತ್ತ ಹೋಗುತ್ತದೆ.

ಶಾಸ್ತ್ರವು ಇಷ್ಟನ್ನು ಹೇಳಿತು. ಬದುಕಿನಲ್ಲಿ ಅದು ಹೇಗೆ ನಡೆದುಬಂದಿತೆಂಬುದನ್ನು ಕಾಣಬೇಕಾದರೆ ಒಂದು ನೆಲದ ಮೇಲೆ ನಿಂತು ನೋಡಬೇಕು. ಧರ್ಮಾನದಿಯ ದಡದ ಹಾನಗಲ್ಲು, ಅದರ ನೆರೆಯ ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯನ್ನು ನಾನು ಆರಿಸಿಕೊಳ್ಳುತ್ತೇನೆ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಧಾರವಾಡಕ್ಕೆ ಸೇರಿದ್ದ ಈ ಪ್ರದೇಶವು ಮಲೆನಾಡಿನ ಸೆರಗು ಬಯಲಿಗೆ ತಾಗುವ ಜಾಗ. ಹಾನಗಲ್ಲಿನ ಕದಂಬರ ಕಾಲದ ಗುಡಿಗಳೂ ಕೆರೆಗಳೂ ಇಲ್ಲಿವೆ, ಬಸದಿಗಳ ನೆನಪುಗಳಿವೆ, ವಿರಕ್ತಮಠಗಳಿವೆ, ಸವಣೂರಿನಲ್ಲಿ ಉತ್ತರಾದಿಮಠದ ಸತ್ಯಬೋಧತೀರ್ಥರ ವೃಂದಾವನವಿದೆ, ಸೂಫೀ ಸಂತರ ದರ್ಗಾಗಳಿವೆ. ಇಷ್ಟೊಂದು ಮಾರ್ಗಗಳ ಸಾಧಕರು ಒಂದೇ ಸೀಮೆಯ ಅನ್ನವುಂಡು ಬಾಳಿದ್ದರಿಂದ, ಪ್ರಸನ್ನತೆಯೆಂಬ ಒಂದೇ ಪ್ರಶ್ನೆಗೆ ಅವರವರ ಜೀವಿತಗಳು ಕೊಟ್ಟ ಉತ್ತರಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಲು ಅವಕಾಶವಿದೆ.

ಅತ್ಯಂತ ಕಠೋರವಾದ ಉದಾಹರಣೆಯಿಂದಲೇ ಆರಂಭಿಸುವುದು ಒಳ್ಳೆಯದು. ಇಂದು ಶಿಗ್ಗಾಂವಿ ತಾಲೂಕಿಗೆ ಸೇರಿರುವ ಬಂಕಾಪುರವು ಹತ್ತನೆಯ ಶತಮಾನದಲ್ಲಿ ಜೈನವಿದ್ಯೆಯ ದೊಡ್ಡ ಕೇಂದ್ರ. ಅನೇಕ ಯುದ್ಧಗಳನ್ನು ಗೆದ್ದ ಗಂಗರ ದೊರೆ ಎರಡನೆಯ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರಕ್ಕೆ ಬಂದು, ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವ್ರತವನ್ನು ನೋಂತು ದೇಹವಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ. ಅದು 974ರ ಸುಮಾರಿನ ಘಟನೆ. ಉಪವಾಸದಿಂದ ಸಾವನ್ನು ಎದುರುಗೊಳ್ಳುವ ಈ ವ್ರತದಲ್ಲಿ ಪ್ರಸನ್ನತೆಗೆ ಎಡೆಯೆಲ್ಲಿ ಎಂದು ಕೇಳಬಹುದು. ಆದರೆ ಜೈನಾಚಾರ್ಯರ ದೃಷ್ಟಿಯಲ್ಲಿ ಪ್ರಸನ್ನತೆಯಿಲ್ಲದ ಸಲ್ಲೇಖನವು ಸಲ್ಲೇಖನವೇ ಅಲ್ಲ. ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರ ಮೇಲಣ ಅನುರಾಗ, ಹಿಂದೆ ಉಂಡ ಸುಖಗಳ ಸ್ಮರಣೆ, ಮುಂದೆ ಪ್ರತಿಫಲ ದೊರೆಯಲೆಂಬ ಹಂಬಲ, ಈ ಐದನ್ನೂ ತತ್ತ್ವಾರ್ಥಸೂತ್ರವು ಆ ವ್ರತದ ಅತಿಚಾರಗಳೆಂದು ಎಣಿಸಿದೆ. ಪ್ರೀತಿಯಿಲ್ಲದವನಿಂದ ಈ ವ್ರತವನ್ನು ಬಲಾತ್ಕಾರದಿಂದ ಮಾಡಿಸಲಾಗದು, ಪ್ರೀತಿಯಿದ್ದಾಗ ಸಾಧಕನು ತಾನೇ ಅದನ್ನು ಕೈಕೊಳ್ಳುತ್ತಾನೆ ಎಂದು ಪೂಜ್ಯಪಾದರು ಆ ಗ್ರಂಥದ ವ್ಯಾಖ್ಯಾನದಲ್ಲಿ ವಿವರಿಸುತ್ತಾರೆ. ಸಾಯುವ ಆತುರವನ್ನೂ ದೋಷವೆಂದೇ ಗಣಿಸಿದ್ದು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಮಾತು. ಬದುಕಿನ ಮೇಲೆ ಮುನಿದು ಹೊರಟವನು ವಿರಕ್ತನಲ್ಲ, ಕ್ರುದ್ಧನು. ವಿರಕ್ತನಾದವನಿಗೆ ಬಿಟ್ಟುಹೋಗುವ ಲೋಕದ ಮೇಲೆ ದೂರಿರುವುದಿಲ್ಲ. ವೈರಾಗ್ಯವೆಂದರೆ ಗಂಟಿಕ್ಕಿದ ಹುಬ್ಬು ಎಂಬ ಭ್ರಾಂತಿಯನ್ನು ಬಂಕಾಪುರದ ಈ ಒಂದು ನಿದರ್ಶನವೇ ಹೋಗಲಾಡಿಸಬಲ್ಲುದು.

ಅದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ, ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ, ಹಾಲುಮತದ ಮನೆತನವೊಂದರಲ್ಲಿ ಹುಟ್ಟಿದವರು ಕನಕದಾಸರು. ಪಾಳೆಯಗಾರಿಕೆಯ ಅಧಿಕಾರವನ್ನು ಕಂಡು, ಸಮರದಲ್ಲಿ ಗಾಯಗೊಂಡು, ಕತ್ತಿಯನ್ನು ಕೆಳಗಿಟ್ಟು, ಕಾಗಿನೆಲೆಯ ಆದಿಕೇಶವನಿಗೆ ಶರಣಾಗಿ, ವ್ಯಾಸತೀರ್ಥರ ಶಿಷ್ಯರಾದರೆಂದು ಪರಂಪರೆಯು ಅವರನ್ನು ಸ್ಮರಿಸುತ್ತದೆ. ಕುಲದ ಕಾರಣದಿಂದ ಅವಮಾನವನ್ನು ಉಂಡ ಈ ಮಹಾತ್ಮರು, ಗುಡ್ಡದ ನೆತ್ತಿಯ ಗಿಡವನ್ನೂ ಕಲ್ಲಿನೊಳಗಣ ಜೀವಿಯನ್ನೂ ಸಲಹುವವನೊಬ್ಬನಿರುವಾಗ ನಿನಗೇತರ ಕಳವಳವೆಂದು ತಮ್ಮ ಮನಸ್ಸಿಗೇ ಧೈರ್ಯ ಹೇಳಿಕೊಂಡು ಹಾಡಿದರು. ಆದರೆ ಅವರ ಪ್ರಸನ್ನತೆಯನ್ನು ತಲೆಬಾಗಿಸಿ ಸಹಿಸಿಕೊಳ್ಳುವವನ ಸೌಮ್ಯತೆಯೆಂದು ತಿಳಿದರೆ ತಪ್ಪಾದೀತು. ಅವರ ‘ರಾಮಧಾನ್ಯಚರಿತೆ’ಯಲ್ಲಿ, ಯಜ್ಞಕ್ಕೂ ಮಂಗಲಕಾರ್ಯಕ್ಕೂ ತಾನೇ ಬೇಕೆಂದು ಬೀಗುವ ಭತ್ತವು ರಾಗಿಯನ್ನು ಕೀಳ್ಗಳೆದಾಗ, ರಾಗಿಯು ಅಳುತ್ತ ಮೂಲೆ ಸೇರುವುದಿಲ್ಲ, ಬರಗಾಲದಲ್ಲಿ ಬಡವರ ಜೀವವನ್ನು ಹಿಡಿದು ನಿಲ್ಲಿಸುವವರು ಯಾರೆಂದು ದಿಟ್ಟವಾಗಿ ಮರುನುಡಿಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳ ಕಾಲ ಸೆರೆಯಲ್ಲಿಡಿಸುತ್ತಾನೆ. ಸೆರೆ ಬಿಟ್ಟ ದಿನ ಭತ್ತವು ಕಳೆಗುಂದಿರುತ್ತದೆ, ರಾಗಿಯು ಕೆಡದೆ ಉಳಿದು ರಾಘವನ ಹೆಸರಿಗೆ ಪಾತ್ರವಾಗುತ್ತದೆ. ಧಾನ್ಯಗಳ ಕಥೆಯ ವ್ಯಾಜದಿಂದ ಕನಕದಾಸರು ಹೇಳಿದ್ದು ಕುಲಾಭಿಮಾನದ ಅನ್ಯಾಯವನ್ನು. ಅದರೊಡನೆಯೇ, ಸೆರೆಯ ಕತ್ತಲಿನಲ್ಲಿಯೂ ಕೆಡದೆ ಉಳಿಯುವ ಸತ್ತ್ವವು ಮನ್ನಣೆಯಿಂದ ಬರತಕ್ಕದ್ದಲ್ಲವೆಂಬುದನ್ನು. ಅನ್ಯಾಯವನ್ನು ಅನ್ಯಾಯವೆಂದು ಕರೆದೂ ಕಹಿಯಾಗದಿರುವ ಮನಸ್ಸು ಸಾಧ್ಯವಿದೆಯೆಂಬುದಕ್ಕೆ ಆ ಕಾವ್ಯದ ಲವಲವಿಕೆಯೇ ಪ್ರಮಾಣ.

ಹಿರೇಕೆರೂರು ತಾಲೂಕಿನ ಅಬಲೂರನ್ನು ಜನವಾಣಿಯು ಸರ್ವಜ್ಞನೊಡನೆ ಜೋಡಿಸಿದೆ. ಕೈಯಲ್ಲಿ ಕಪ್ಪರ, ಮುಂದೆ ಹರವಾದ ನಾಡು, ಬೆನ್ನಿಗೆ ಹರನೆಂಬ ದೈವ, ಇಷ್ಟುಳ್ಳ ತಿರುಕನನ್ನು ಮೀರಿದ ಸಿರಿವಂತನಾರೆಂಬ ಅರ್ಥದಲ್ಲಿ ಅವನು ಹಾಡಿದ್ದು ಬಡತನದ ಸ್ತುತಿಯಲ್ಲ, ಲೆಕ್ಕದಿಂದ ಬಿಡುಗಡೆ ಹೊಂದಿದವನ ನಿರಾಳತೆ. ಆದರೆ ಅದೇ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ 1200ರ ಸುಮಾರಿನ ಶಾಸನವೊಂದಿದೆ. ಶಿವಭಕ್ತನಾದ ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ, ತಲೆಯನ್ನು ಅರಿದಿಟ್ಟು ಮರಳಿ ಪಡೆದು, ಗೆದ್ದ ಕಥೆಯನ್ನು ಅದು ಹೇಳುತ್ತದೆ. ಭಕ್ತಿಯ ಆ ಉತ್ಕಟತೆಗೆ ತಲೆಬಾಗುವವನಿಗೂ, ಒಂದು ಮತದ ಗೆಲವು ಮತ್ತೊಂದು ಮತದ ಸೋಲಾಗಿ ಕಲ್ಲಿನಲ್ಲಿ ಬರೆಯಲ್ಪಟ್ಟಿತೆಂಬುದನ್ನು ನೆನೆದಾಗ ಮನಸ್ಸು ಭಾರವಾಗದಿರದು. ತನ್ನ ದೇವರು ದೊಡ್ಡವನೆಂದು ಸಿದ್ಧಪಡಿಸಲು ಪರರ ದೇವರನ್ನು ಕಿರಿದುಮಾಡಬೇಕಾದ ಕಾಲದಲ್ಲಿ ಹರ್ಷವು ಹೇರಳವಾಗಿರಬಹುದು. ಪ್ರಸನ್ನತೆಯು ಅಲ್ಲಿ ಬಹುಹೊತ್ತು ನಿಲ್ಲಲಾರದು. ಎದುರಾಳಿಯಿಲ್ಲದೆ ನಿಲ್ಲಲಾರದ ಸಂತೋಷವು ಎದುರಾಳಿಯ ಕೈಯಲ್ಲಿಯೇ ಇರುತ್ತದೆ.

ಆ ನೆನಪಿಗೆ ಇದೇ ಸೀಮೆಯು ಆರೇಳು ಶತಮಾನಗಳ ಅನಂತರ ಕೊಟ್ಟ ಉತ್ತರವೆಂದು ಶಿಶುನಾಳ ಶರೀಫರ ಜೀವಿತವನ್ನು ನಾನು ಭಾವಿಸುತ್ತೇನೆ. 1819ರಲ್ಲಿ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ, ಹುಲಗೂರಿನ ಖಾದರೀ ಸಂತನಲ್ಲಿ ಭಕ್ತಿಯಿಟ್ಟಿದ್ದ ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕೆಲಕಾಲ ಶಾಲೆಯ ಮಾಸ್ತರಿಕೆಯನ್ನು ಮಾಡಿ ಬಿಟ್ಟು, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವನ್ನು ಆಶ್ರಯಿಸಿದ ಶರೀಫರನ್ನು ಎರಡು ಕಡೆಯ ಮಡಿವಂತರೂ ಸಹಿಸಲಿಲ್ಲ. ಅವರ ಸಂಸಾರಸುಖವು ಬಹುಕಾಲ ಉಳಿಯಲಿಲ್ಲ; ಹೆಂಡತಿಯು ಬೇಗನೆ ತೀರಿಕೊಂಡಳು; ಬಡತನವು ಕೊನೆಯವರೆಗೆ ಜೊತೆಗಿತ್ತು. ಇಷ್ಟನ್ನು ಉಂಡವನು ಲೋಕವನ್ನು ಶಪಿಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಶರೀಫರು ತಂಬೂರಿ ಹಿಡಿದು ಹಾಡಿದರು. ಸೋರುವ ಮಾಳಿಗೆ, ಕೋಡಗವನ್ನು ನುಂಗುವ ಕೋಳಿ, ಹೊಸದಾಗಿ ನಾಡಿಗೆ ಬಂದ ಗಿರಣಿ, ಹಳ್ಳಿಯವರು ದಿನನಿತ್ಯ ಕಾಣುವ ಯಾವುದೂ ಅವರ ಪದಕ್ಕೆ ಹೊರತಾಗಲಿಲ್ಲ. ಎಲ್ಲವೂ ದೇಹದ, ಆಯುಷ್ಯದ, ಅರಿವಿನ ಕಥೆಯನ್ನು ಹೇಳತೊಡಗಿದವು.

ಅವರ ಮಾಳಿಗೆಯ ಪದವನ್ನೇ ತೆಗೆದುಕೊಂಡು ಯೋಚಿಸಬೇಕು. ಮನೆ ಶಿಥಿಲವಾಗಿದೆ, ಮಳೆ ಹೊಯ್ಯುತ್ತಿದೆ, ಕತ್ತಲೆಯಲ್ಲಿ ಮೇಲೇರಿ ಸೋರುವ ತಾಣವನ್ನು ಮುಚ್ಚುವವರು ಯಾರೂ ಇಲ್ಲ. ಮನೆಯೆಂದರೆ ಈ ದೇಹ, ಸೋರಿಕೆಗೆ ಕಾರಣ ಅಜ್ಞಾನ. ಅರ್ಥವನ್ನು ಬಿಡಿಸಿ ಹೇಳಿದರೆ ಇದಕ್ಕಿಂತ ದುಃಖದ ಸಂಗತಿ ಬೇರೊಂದಿಲ್ಲ. ಆದರೂ ಭಜನೆಯ ಮೇಳದಲ್ಲಿ ಆ ಪದವು ಆರಂಭವಾದೊಡನೆ ಕುಳಿತವರು ತಲೆದೂಗತೊಡಗುತ್ತಾರೆ, ಮುಪ್ಪಿನವರ ಮುಖದಲ್ಲಿಯೂ ನಗೆ ಸುಳಿಯುತ್ತದೆ. ಸಾವಿನ ಸುದ್ದಿಯನ್ನು ಕೇಳಿ ನಗುವ ಈ ಜನರು ಮೂಢರಲ್ಲ. ತನ್ನ ಶಿಥಿಲತೆಯನ್ನು ತಾನೇ ಮರೆಮಾಚದೆ ಎತ್ತಿ ಹೇಳಿದವನಿಗೆ ಅದರ ಭಯದಲ್ಲಿ ಅರ್ಧಭಾಗ ಕಳೆದಿರುತ್ತದೆ. ಅದನ್ನು ನಾಲ್ಕು ಜನರೊಡನೆ ಕುಳಿತು ಹಾಡಿದವನಿಗೆ, ಸೋರುವುದು ತನ್ನೊಬ್ಬನ ಮನೆಯಲ್ಲವೆಂಬ ತಿಳಿವಳಿಕೆಯಿಂದ ಉಳಿದರ್ಧವೂ ಹಗುರವಾಗುತ್ತದೆ. ಇಲ್ಲಿ ದುಃಖವು ಅಳಿಯಲಿಲ್ಲ. ದುಃಖದೊಳಗಣ ಅಹಂಕಾರವು, ಲೋಕದಲ್ಲಿ ತನಗೊಬ್ಬನಿಗೇ ಹೀಗಾಯಿತೆಂಬ ಗೋಳು, ಅಳಿಯಿತು. 1889ರಲ್ಲಿ ಶರೀಫರು ದೇಹವಿಟ್ಟಾಗ ಹಿಂದೂ ಮುಸಲ್ಮಾನರಿಬ್ಬರೂ ತಂತಮ್ಮ ವಿಧಿಗಳಿಂದ ಅವರಿಗೆ ಕೊನೆಯ ಗೌರವವನ್ನು ಸಲ್ಲಿಸಿದರು. ಇಂದಿಗೂ ಶಿಶುವಿನಹಾಳದ ಗದ್ದುಗೆಗೆ ಇಬ್ಬರೂ ಬರುತ್ತಾರೆ. ಎದುರಾಳಿಯನ್ನೇ ಇಟ್ಟುಕೊಳ್ಳದ ಸಂತೋಷವೆಂದರೆ ಇದು.

ಶರೀಫರು ಹುಟ್ಟಿದ ಸೂಫೀ ಪರಂಪರೆಯಲ್ಲಿ ನಮ್ಮ ಪ್ರಶ್ನೆಯು ಬಹು ಹಿಂದೆಯೇ ಸ್ಪಷ್ಟವಾಗಿ ಚರ್ಚೆಗೆ ಬಂದಿತ್ತು. ಈಶ್ವರನು ವಿಧಿಸಿದ್ದರಲ್ಲಿ ಮನಃಪೂರ್ವಕವಾಗಿ ತೃಪ್ತನಾಗಿರುವುದನ್ನು ಸೂಫಿಗಳು ‘ರಿಜಾ’ ಎಂದು ಕರೆಯುತ್ತಾರೆ; ಸಹನೆಗಿಂತಲೂ ಎತ್ತರದ ಭೂಮಿಕೆಯದು, ಏಕೆಂದರೆ ಸಹಿಸುವವನಿಗೆ ನೋವು ಇನ್ನೂ ಶತ್ರು. ಹನ್ನೊಂದನೆಯ ಶತಮಾನದಲ್ಲಿ ನಿಶಾಪುರದ ಅಲ್-ಕುಶೈರಿಯು ಬರೆದ ಗ್ರಂಥದಲ್ಲಿ ಈ ವಿಷಯದಲ್ಲಿದ್ದ ಭಿನ್ನಮತವು ದಾಖಲಾಗಿದೆ. ರಿಜಾ ಎಂಬುದು ಸಾಧಕನು ಪ್ರಯತ್ನದಿಂದ ಏರಿ ನಿಲ್ಲಬಹುದಾದ ನೆಲೆಯೆಂದು ಖುರಾಸಾನದ ಸಂತರು ಹೇಳಿದರು. ಅದು ಪ್ರಯತ್ನಕ್ಕೆ ಸಿಕ್ಕದೆ, ಕೃಪೆಯಿಂದ ಹೃದಯಕ್ಕೆ ಇಳಿದುಬರುವ ಅವಸ್ಥೆಯೆಂದು ಇರಾಕದವರು ಹೇಳಿದರು. ಎರಡನ್ನೂ ಹೊಂದಿಸಿ ಕುಶೈರಿಯು, ಅದರ ಆದಿಯು ಸಾಧಕನ ಸಂಪಾದನೆ, ಅದರ ಅಂತ್ಯವು ಕೃಪೆ ಎಂದು ನಿರ್ಣಯಿಸಿದನು. ಗೀತೆಯ ಎರಡು ಅಧ್ಯಾಯಗಳ ನಡುವೆ ನಾವು ಕಂಡ ಅಂತರವನ್ನು ಇದಕ್ಕಿಂತ ಸಮರ್ಪಕವಾಗಿ ಬೆಸೆಯುವ ಮಾತು ನನಗೆ ತಿಳಿಯದು.

ವೀರಶೈವರ ಷಟ್‌ಸ್ಥಲಸಿದ್ಧಾಂತವು ಈ ನಿರ್ಣಯಕ್ಕೆ ಮೆಟ್ಟಿಲುಗಳನ್ನೂ ಕಟ್ಟಿಕೊಟ್ಟಿದೆ. ಭಕ್ತನಲ್ಲಿ ಶ್ರದ್ಧಾಭಕ್ತಿ, ಮಾಹೇಶ್ವರನಲ್ಲಿ ನಿಷ್ಠಾಭಕ್ತಿ, ಪ್ರಸಾದಿಯಲ್ಲಿ ಅವಧಾನಭಕ್ತಿ, ಪ್ರಾಣಲಿಂಗಿಯಲ್ಲಿ ಅನುಭವಭಕ್ತಿ, ಶರಣನಲ್ಲಿ ಆನಂದಭಕ್ತಿ, ಐಕ್ಯನಲ್ಲಿ ಸಮರಸಭಕ್ತಿ ಎಂದು ಆರು ಹಂತಗಳು. ಆನಂದವು ಇಲ್ಲಿ ಐದನೆಯದು, ಮೊದಲನೆಯದಲ್ಲ. ಹೊಸದಾಗಿ ದಾರಿ ಹಿಡಿದವನಿಂದ ಸಿದ್ಧಾಂತವು ಆನಂದವನ್ನು ಕೇಳುವುದಿಲ್ಲ, ಶ್ರದ್ಧೆಯನ್ನು ಕೇಳುತ್ತದೆ. ಶ್ರದ್ಧೆ ಬಲಿತವನಿಂದ ನಿಷ್ಠೆಯನ್ನು ಕೇಳುತ್ತದೆ. ನಡುವಣ ಪ್ರಸಾದಿಸ್ಥಲದಲ್ಲಿ ಸಾಧಕನು ಕಲಿಯಬೇಕಾದದ್ದು, ಬಂದದ್ದನ್ನೆಲ್ಲ ಶಿವನಿಗರ್ಪಿಸಿ ಪ್ರಸಾದವಾಗಿ ಎಚ್ಚರದಿಂದ ಸ್ವೀಕರಿಸುವುದನ್ನು. ತನಗೆ ಸಲ್ಲತಕ್ಕದ್ದು ಸಂದಿಲ್ಲವೆಂದು ಸಾಲ ಕೊಟ್ಟವನ ಕಣ್ಣಿನಿಂದ ಲೋಕವನ್ನು ನೋಡುವವನಿಗೆ ಎಷ್ಟು ದೊರೆತರೂ ಬಾಕಿ ಉಳಿಯುತ್ತದೆ. ಸಲ್ಲಬೇಕೆಂಬ ಹಕ್ಕಿಲ್ಲದೆ ಬಂದ ಕೊಡುಗೆಯೆಂದು ನೋಡುವವನಿಗೆ ಒಂದು ತುತ್ತೂ ಸಾಕಾಗುತ್ತದೆ. ಪ್ರಸನ್ನತೆಗೆ ಬೇಕಾದ ದುಡಿಮೆಯೆಲ್ಲ ಈ ಮೂರನೆಯ ಹಂತದಲ್ಲಿದೆ. ಐದನೆಯ ಹಂತದ ಆನಂದವು ಅದರ ಮೇಲೆ ಇಳಿಯುವ ಕೃಪೆ.

ಈ ದುಡಿಮೆಯು ಏಕಾಂತದ ಧ್ಯಾನದಲ್ಲಿಯೇ ಮುಗಿಯತಕ್ಕದ್ದಲ್ಲವೆಂಬುದನ್ನು ಹಾನಗಲ್ಲಿನ ಕುಮಾರಸ್ವಾಮಿಗಳು ನಡೆದು ತೋರಿಸಿದರು. 1867ರಲ್ಲಿ ಜೋಯಿಸರಹರಳಹಳ್ಳಿಯಲ್ಲಿ ಜನಿಸಿ, ಹಾನಗಲ್ಲಿನ ವಿರಕ್ತಮಠದ ಅಧಿಕಾರವನ್ನು ವಹಿಸಿದ ಅವರು 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಹಿಂದಣ ಪ್ರೇರಕಶಕ್ತಿಯಾದರು; 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು; 1930ರಲ್ಲಿ ಲಿಂಗೈಕ್ಯರಾದರು. ವಿರಕ್ತನೆಂದರೆ ಸಮಾಜಕ್ಕೆ ಬೆನ್ನು ತಿರುಗಿಸಿದವನಲ್ಲ, ತನ್ನ ಹಂಗನ್ನು ಹರಿದುಕೊಂಡು ಪರರ ಕೆಲಸಕ್ಕೆ ಬಿಡುವಾದವನು ಎಂಬುದು ಅವರ ಬಾಳಿನ ತಾತ್ಪರ್ಯ. ಅವರ ಎಲ್ಲ ಕಾರ್ಯಗಳಲ್ಲಿ ನನ್ನ ಹೃದಯವನ್ನು ಅತಿಯಾಗಿ ಸೆಳೆಯುವುದು ಸಭೆಯೂ ಅಲ್ಲ, ಮಂದಿರವೂ ಅಲ್ಲ. ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡನಾಗಿ ಜನಿಸಿದ ಗದಿಗೆಯ್ಯನೆಂಬ ಬಡ ಹುಡುಗನ ಕಂಠವನ್ನು ಕೇಳಿ, ಇವನು ಅನುಕಂಪಕ್ಕಲ್ಲ ವಿದ್ಯೆಗೆ ಪಾತ್ರನೆಂದು ಗುರುತಿಸಿ, ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದ ಕಾರ್ಯ.

ಆ ಹುಡುಗನು ಬೆಳೆದು ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ ಹಿಂದುಸ್ತಾನೀ ಪದ್ಧತಿಗಳೆರಡರಲ್ಲಿಯೂ ಪರಿಣತರಾಗಿ, ಕಲಿತದ್ದನ್ನು ತಮ್ಮ ಕೀರ್ತಿಗಾಗಿ ಬಳಸದೆ, ಅಂಧರನ್ನೂ ಅನಾಥರನ್ನೂ ಬಡಮಕ್ಕಳನ್ನೂ ಕೂಡಿಸಿಕೊಂಡು ಊರೂರು ತಿರುಗುವ ಸಂಗೀತಶಾಲೆಯನ್ನು ನಡೆಸಿದರು. ನಿಲ್ಲಲು ನೆಲೆಯಿಲ್ಲದೆ, ನಾಳಿನ ಅನ್ನಕ್ಕೆ ಭಿಕ್ಷೆಯನ್ನೇ ನೆಚ್ಚಿ, ಹತ್ತಾರು ಮಕ್ಕಳ ಹೊಟ್ಟೆಯನ್ನೂ ವಿದ್ಯೆಯನ್ನೂ ಒಟ್ಟಿಗೆ ನೋಡಿಕೊಳ್ಳುವ ಹೊಣೆಯನ್ನು ಕಣ್ಣಿಲ್ಲದವರೊಬ್ಬರು ಹೊತ್ತರೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ತಿರುಗಾಟದ ಶಾಲೆಗೆ ಕೊನೆಗೆ ದೊರೆತ ನೆಲೆ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊಣೆ ಬಂದದ್ದು ಹಾನಗಲ್ಲು ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳಿಗೆ. 2010ರಲ್ಲಿ ದೇಹವಿಡುವ ತನಕ ಅವರು ಆ ಹೊಣೆಯನ್ನು ಹೊತ್ತು, ಹಲವು ವಾದ್ಯಗಳಲ್ಲಿ ನಿಷ್ಣಾತರಾಗಿ, ಕನ್ನಡ ಸಂಸ್ಕೃತ ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ಲೆಕ್ಕವಿಲ್ಲದಷ್ಟು ಶಿಷ್ಯರನ್ನು ಬೆಳೆಸಿದರು. ಈ ಗವಾಯಿಗಳಿಬ್ಬರೂ ಸದಾ ನಗುತ್ತಿದ್ದರೇ ಎಂದು ಕೇಳುವುದು ಅಪ್ರಸ್ತುತ. ತಮ್ಮ ಕತ್ತಲೆಯನ್ನೇ ಮಾತಿನ ವಿಷಯವಾಗಿಸಿಕೊಳ್ಳಲು ಅವರಿಗೆ ಬಿಡುವಿರಲಿಲ್ಲ. ಪರರ ಒಳಿತಿನಲ್ಲಿ ಸಂತೋಷಿಸುವ ಮುದಿತೆಯನ್ನು ಪತಂಜಲಿಯು ಚಿತ್ತಪ್ರಸಾದದ ಸಾಧನಗಳಲ್ಲಿ ಒಂದೆಂದು ಹೇಳಿದ್ದಾನಷ್ಟೆ. ಶಿಷ್ಯನ ಸ್ವರವು ಶ್ರುತಿಗೆ ಕೂಡಿದ ಕ್ಷಣದಲ್ಲಿ ಗುರುವಿಗಾಗುವ ಸಂತೋಷವು ಅದರ ಅತ್ಯಂತ ಶುದ್ಧವಾದ ರೂಪ. ತನ್ನ ಸುಖವನ್ನೇ ಅರಸಿ ಹೊರಟವನಿಗೆ ಒಂದು ಜೀವದ ಸುಖ ಮಾತ್ರ ದೊರೆತೀತು. ಮುದಿತೆಯುಳ್ಳವನಿಗೆ ಸುತ್ತಣ ಜೀವಗಳೆಲ್ಲದರ ಸುಖದಲ್ಲಿಯೂ ಪಾಲುಂಟು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಬಲವಾಗಿ ಹೇಳಬೇಕಾಗಿದೆ. ಪ್ರಸನ್ನತೆಯು ತನಗೆ ತಾನು ವಿಧಿಸಿಕೊಳ್ಳತಕ್ಕ ತಪಸ್ಸೇ ಹೊರತು ಪರರ ಮೇಲೆ ಹೇರತಕ್ಕ ಕಟ್ಟಳೆಯಲ್ಲ. ಒಡೆಯನು ಆಳಿನಿಂದ, ಅತ್ತೆಯು ಸೊಸೆಯಿಂದ, ಉಳ್ಳವನು ಇಲ್ಲದವನಿಂದ ನಗುಮುಖವನ್ನು ನಿರೀಕ್ಷಿಸಿ, ಅದು ಕಾಣದಾಗ ಕೃತಘ್ನತೆಯೆಂದು ಜರೆಯುವ ಪದ್ಧತಿಯು ನಮ್ಮಲ್ಲಿ ಹಳೆಯದು. ಹೊಟ್ಟೆಗೆ ಅನ್ನವನ್ನೂ ಬಾಳಿಗೆ ಮಾನವನ್ನೂ ಕೊಡದೆ ಮುಖದ ಗೆಲವನ್ನು ಕೇಳುವುದು ಹಿಂಸೆಯ ಒಂದು ನಯವಾದ ರೂಪ. ಅಂತೆಯೇ, ಶೋಕದಲ್ಲಿ ಮುಳುಗಿದವನಿಗೆ ವೇದಾಂತವನ್ನು ಹೇಳಿ ಕಣ್ಣೀರೊರಸಿಕೊಳ್ಳೆಂದು ಆತುರಪಡಿಸುವವನು, ತನಗೆ ಆ ಶೋಕವನ್ನು ನೋಡಲಾಗದ ಅಸಹನೆಯನ್ನು ಉಪದೇಶದ ಮರೆಯಲ್ಲಿ ಬಚ್ಚಿಡುತ್ತಿರುತ್ತಾನೆ. ದಾಸರೂ ಶರಣರೂ ಅತ್ತಿದ್ದಾರೆ, ತಮ್ಮ ದೇವರೊಡನೆ ಜಗಳವಾಡಿದ್ದಾರೆ, ಬಾರದ ಕೃಪೆಗಾಗಿ ಮೊರೆಯಿಟ್ಟಿದ್ದಾರೆ; ಪ್ರಸನ್ನತೆಯು ಕಣ್ಣೀರನ್ನು ನಿಷೇಧಿಸುವುದಿಲ್ಲ. ಅತ್ತು ಮುಗಿದ ಮೇಲೆ ಮನಸ್ಸು ಎಲ್ಲಿಗೆ ಮರಳುತ್ತದೆಯೆಂಬುದೊಂದೇ ಅದರ ಪರೀಕ್ಷೆ: ಅಸೂಯೆಗೆ ಮರಳುವುದೋ, ದ್ವೇಷಕ್ಕೆ ಮರಳುವುದೋ, ಮಾಡುತ್ತಿದ್ದ ಕೆಲಸಕ್ಕೂ ಎದುರಿಗಿರುವ ಮನುಷ್ಯನಿಗೂ ಮರಳುವುದೋ?

ಹಾಗಾದರೆ ಸಾಮಾನ್ಯನಾದ ಗೃಹಸ್ಥನು ಮಾಡಬೇಕಾದುದೇನು? ಕೆರೆಗಳ ಸೀಮೆಯಾದ ಹಾನಗಲ್ಲಿನ ರೈತನು ಈ ಮಾತನ್ನು ಬೇಗನೆ ಗ್ರಹಿಸಬಲ್ಲನು. ಕೆರೆಯನ್ನು ತುಂಬಿಸುವುದು ಅವನ ಕೈಯಲ್ಲಿಲ್ಲ. ಹೂಳೆತ್ತುವುದು, ನೀರು ಬರುವ ಹಳ್ಳವನ್ನು ತೆರವಾಗಿಡುವುದು, ಏರಿಯನ್ನು ಬಿರುಕು ಬಿಡದಂತೆ ಕಾಯುವುದು ಅವನ ಕೈಯಲ್ಲಿವೆ. ಇವನ್ನು ಮಾಡದವನಿಗೆ ಮಳೆ ಬಂದರೂ ಕೆರೆ ನಿಲ್ಲದು. ಮಾಡಿದವನು ಮಳೆಯನ್ನು ಬೈಯದೆ ಕಾಯಬಲ್ಲನು. ಬಂದದ್ದನ್ನು ಕೊಡುಗೆಯೆಂದು ಸ್ವೀಕರಿಸುವುದು, ತನ್ನ ಮಾನಾಪಮಾನಗಳ ಲೆಕ್ಕವನ್ನು ದಿನಕ್ಕಿಷ್ಟು ಕಡಿಮೆ ಮಾಡುವುದು, ಪರರ ಒಳಿತನ್ನು ಕಂಡಾಗ ಮನಸ್ಸನ್ನು ಮುಚ್ಚಿಕೊಳ್ಳದೆ ತೆರೆದಿಡುವುದು, ಈ ಮೂರು ಕೆಲಸಗಳು ನಮಗೆ ವಿಹಿತವಾದವು. ಧರ್ಮವು ಪ್ರಸನ್ನನಾಗಿರೆಂದು ಹೇಳಿದಾಗ ಅದು ಕೇಳಿದ್ದು ನಗೆಯನ್ನಲ್ಲ, ಈ ಕೆಲಸಗಳನ್ನು. ಇದರಿಂದ ನಮ್ಮ ಪ್ರಶ್ನೆಯ ಎರಡು ಕವಲುಗಳೂ ಒಂದೆಡೆ ಕೂಡುತ್ತವೆ. ಪ್ರಸನ್ನತೆಯು ತಪಸ್ಸಾಗಿ ಆರಂಭವಾಗಿ ಫಲವಾಗಿ ಮುಗಿಯುತ್ತದೆ. ತಪಸ್ಸನ್ನು ಬಿಟ್ಟು ಫಲವನ್ನು ಮುಖದ ಮೇಲೆ ಬರೆದುಕೊಳ್ಳುವುದು ಕಪಟ, ಫಲ ಬಾರದೆಂದು ತಪಸ್ಸನ್ನು ಬಿಡುವುದು ಅಶ್ರದ್ಧೆ.

ಮಠಗಳನ್ನೂ ದೇವಾಲಯಗಳನ್ನೂ ದರ್ಗಾಗಳನ್ನೂ ಅವುಗಳ ಗೋಪುರದ ಎತ್ತರದಿಂದ, ಜಾತ್ರೆಯ ಜನಸಂಖ್ಯೆಯಿಂದ, ವಾದದಲ್ಲಿ ಗೆದ್ದ ಕೀರ್ತಿಯಿಂದ ಅಳೆಯುವ ರೂಢಿ ನಮಗಿದೆ. ಅದಕ್ಕಿಂತ ನೇರವಾದ ಅಳತೆಯೊಂದುಂಟು: ಭಾರವಾದ ಮನಸ್ಸಿನಿಂದ ಒಳಗೆ ಹೋದವನು ಹೊರಬರುವಾಗ ತನ್ನ ಹೊರೆಯನ್ನು ಹೊರಬಲ್ಲವನಾಗಿ ಬಂದನೇ, ಪಕ್ಕದಲ್ಲಿ ನಡೆವವನ ಹೊರೆಗೂ ಕೈಕೊಡುವಷ್ಟು ಹಗುರಾಗಿ ಬಂದನೇ? ಕುರುಡು ಹುಡುಗನ ಕಂಠವನ್ನು ಗುರುತಿಸಿದ ಹಾನಗಲ್ಲಿನ ಮಠವೂ, ಹಿಂದೂ ಮುಸಲ್ಮಾನರಿಬ್ಬರನ್ನೂ ಒಂದೇ ಗದ್ದುಗೆಯ ಮುಂದೆ ಕೂಡಿಸಿದ ಶಿಶುವಿನಹಾಳವೂ ಈ ಅಳತೆಯಲ್ಲಿ ಗೆದ್ದಿವೆ. ನಮ್ಮ ಮಕ್ಕಳಿಗೆ ಧರ್ಮವನ್ನು ಕಲಿಸುವವರು ಸ್ತೋತ್ರವನ್ನೂ ನಿಯಮವನ್ನೂ ಕಲಿಸಲಿ, ಬೇಡವೆನ್ನಲಾರೆ. ಆದರೆ ನೆರೆಮನೆಯ ಮಗುವಿಗೆ ಬಹುಮಾನ ಬಂದ ದಿನ ತಾವೂ ಸಂತೋಷಪಡುವುದನ್ನು ಅದಕ್ಕಿಂತ ಮೊದಲು ಕಲಿಸಲಿ. ಅಷ್ಟನ್ನು ಕಲಿತ ಮಗುವಿಗೆ ಪ್ರಸನ್ನತೆಯ ಸಾಧನೆಯು ಅಂದೇ ಆರಂಭವಾಯಿತು. ಉಳಿದುದನ್ನು ಕೃಪೆಗೆ ಬಿಡಬಹುದು.